ಎಂಜಿನ್ ಕೋಣೆ: ದ್ವೀಪದಲ್ಲಿ ಕರೆಂಟ್ ಎಲ್ಲಿಂದ ಬರುತ್ತದೆ?

ಕಳೆದ ಸಂಚಿಕೆಯಲ್ಲಿ ಲಕ್ಷದ್ವೀಪದ ಡೀಸೆಲ್ ಪವರ್‌ಹೌಸ್ ಬಗ್ಗೆ, ಅಲ್ಲಿ ಡೀಸೆಲ್ ಎಂಜಿನ್ ಓಡಿಸಿಯೇ ಊರಿಗೆ ಕರೆಂಟ್ ಕೊಡುತ್ತಾರೆ ಎಂದು, ಒಂದೆರಡು ಸಾಲು ಬರೆದಿದ್ದೆ. ಅದರ ಮೇಲೇ ಇಷ್ಟೊಂದು ಪತ್ರ ಬಂದಿವೆ. ಹಾಗಾಗಿ ಈ ಸಲ ಬೋರ್‌ವೆಲ್ ಮೋಟಾರ್, ಟ್ರ್ಯಾಕ್ಟರ್, ಸ್ಪ್ರೇಯರ್ ಎಲ್ಲ ಪಕ್ಕಕ್ಕಿರಲಿ. ಹೊಸದಾಗಿ ಓದುವವರಿಗೆ ಒಂದು ಮಾತು: ನಾನು ಮಂಗಳೂರಿನ ಹಳೆ ಬಂದರಿನಲ್ಲಿ ಬೋಟ್ ಎಂಜಿನ್ ಬಿಚ್ಚಿ ಕಟ್ಟುತ್ತಾ ಕೆಲಸ ಕಲಿತವನು. ಆಮೇಲೆ ಎಂಜಿನ್ ಸರ್ವೀಸಿನ ಕೆಲಸ ಸಿಕ್ಕಿತು. ಓವರ್‌ಹಾಲ್ ಬಂದಾಗ ದ್ವೀಪಗಳಿಗೆ ಕಳಿಸುತ್ತಿದ್ದರು. ಈಗ ನಿವೃತ್ತ. ಕಿವಿ ಸ್ವಲ್ಪ ಮಂದ. ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಲಕ್ಷದ್ವೀಪದ ಕವರತ್ತಿಗೆ ಪ್ರವಾಸ ಹೋಗಿದ್ದೆವು. ಹೊರಗಿನಿಂದ ಒಂದು ಲೈನೂ ಬರುವುದು ಕಾಣಲಿಲ್ಲ. ಆದರೂ ರೂಮಿನಲ್ಲಿ ಎಸಿ ಓಡುತ್ತಿತ್ತು. ಡೀಸೆಲ್ ಎಂಜಿನ್ ಎಂದರು. ಅಷ್ಟು ದೊಡ್ಡ ಊರಿಗೆ ಇಂಥ ಹೊತ್ತಿಗೆ ಇಷ್ಟು ಕರೆಂಟ್ ಬೇಕು ಅಂತ ಯಾರು ತೀರ್ಮಾನ ಮಾಡುತ್ತಾರೆ ಸರ್?
— ಶಿಕ್ಷಕಿ, ತೀರ್ಥಹಳ್ಳಿ

ನೀವೇ ಮೇಡಂ! ನೀವು ಎಸಿ ಸ್ವಿಚ್ ಒತ್ತಿದಿರಿ, ಪವರ್‌ಹೌಸಿನ ಎಂಜಿನ್ ಆ ಕ್ಷಣವೇ ಒಂದು ಚೂರು ಡೀಸೆಲ್ ಜಾಸ್ತಿ ಕುಡಿಯಿತು. ನಡುವೆ ಯಾರ ಅಪ್ಪಣೆಯೂ ಇಲ್ಲ.

ಅದು ಹೇಗೆ ನಡೆಯುತ್ತದೆ ಎಂದು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಉಳಿದ ಪತ್ರಗಳಿಗೂ ಬೇಕಾಗುತ್ತದೆ. ನಮ್ಮ ದೇಶದಲ್ಲಿ ಕರೆಂಟ್ 50 ಹರ್ಟ್ಝ್, ಅಂದರೆ ಸೆಕೆಂಡಿಗೆ 50 ಅಲೆ. ದ್ವೀಪದ ಎಂಜಿನ್‌ಗಳು ಹೆಚ್ಚಾಗಿ ನಿಮಿಷಕ್ಕೆ 1500 ಸುತ್ತು ತಿರುಗುವಂಥವು. ಎಂಜಿನ್ ತಿರುಗಿಸಿದಾಗ ಕರೆಂಟ್ ಹುಟ್ಟಿಸುವ ನಾಲ್ಕು ಪೋಲಿನ ಆಲ್ಟರ್ನೇಟರ್ ಆ ವೇಗದಲ್ಲಿ ತಿರುಗಿದರೆ ಸರಿಯಾಗಿ 50 ಬರುತ್ತದೆ. ಊರಿನಲ್ಲಿ ಲೋಡ್, ಅಂದರೆ ಕರೆಂಟಿನ ಬೇಡಿಕೆ, ಏರಿದರೆ ಆಲ್ಟರ್ನೇಟರ್ ಬಿಗಿಯಾಗುತ್ತದೆ, ಎಂಜಿನ್ ಒಂದಿಷ್ಟು ನಿಧಾನ ಆಗುತ್ತದೆ. ಗವರ್ನರ್ ಎನ್ನುವ ಭಾಗ ಅದನ್ನು ಹಿಡಿದು ಎಣ್ಣೆ, ಅಂದರೆ ಡೀಸೆಲ್, ಜಾಸ್ತಿ ಬಿಡುತ್ತದೆ. ಲೋಡ್ ಇಳಿದರೆ ಎಣ್ಣೆ ಕಡಿಮೆ. ದಿನವಿಡೀ ಇದೇ ಆಟ.

ತೀರ್ಥಹಳ್ಳಿಯಲ್ಲೂ ನಡೆಯುವುದು ಇದೇ. ಆದರೆ ಅಲ್ಲಿ ಶರಾವತಿ, ರಾಯಚೂರು, ಕೈಗಾ ಮಾತ್ರವಲ್ಲ, ಇಡೀ ದೇಶದ ಯಂತ್ರಗಳೆಲ್ಲ ಒಂದೇ ಜಾಲದಲ್ಲಿ ಒಟ್ಟಿಗೆ ತಿರುಗುತ್ತವೆ. ನಿಮ್ಮ ಎಸಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ದ್ವೀಪದಲ್ಲಿ ಹಾಗಲ್ಲ. ಅಲ್ಲಿ ಐಸ್ ಪ್ಲಾಂಟಿನ ಕಂಪ್ರೆಸರ್ ಚಾಲೂ ಆದರೆ ಕಂಟ್ರೋಲ್ ಪ್ಯಾನಲ್ ಮುಂದೆ ಕೂತವನಿಗೆ ಮೀಟರ್ ನೋಡದೆಯೂ ಗೊತ್ತಾಗುತ್ತದೆ. ಎಂಜಿನ್ ಒಮ್ಮೆ ಗೊಣಗುತ್ತದೆ.

ಆಪರೇಟರ್ ಮಾಡುವ ತೀರ್ಮಾನ ಬೇರೆಯದು. ಯಾವ ಎಂಜಿನ್ ಓಡಬೇಕು, ಎಷ್ಟು ಓಡಬೇಕು, ಎರಡನೆಯದನ್ನು ಯಾವಾಗ ಸೇರಿಸಬೇಕು. ಇದಕ್ಕೆ ಊರು ಗೊತ್ತಿರಬೇಕು. ಸಂಜೆ ದೀಪ ಹತ್ತುವ ಹೊತ್ತಿಗೆ ಲೋಡ್ ಏರುತ್ತದೆ, ಅದು ಎಲ್ಲ ಊರಿನಂತೆ. ಆದರೆ ಅಲ್ಲಿ ರಂಜಾನ್ ನೋಂಬಿನ ತಿಂಗಳಲ್ಲಿ ಬೆಳಗಿನ ಜಾವ ಇನ್ನೊಂದು ಏರು ಬರುತ್ತದೆ. ಉಪವಾಸಕ್ಕೆ ಮುಂಚೆ ಉಣ್ಣಲು ಮನೆಮನೆಯಲ್ಲೂ ಎದ್ದಿರುತ್ತಾರೆ, ಅಡುಗೆಮನೆಯ ದೀಪ, ಮಿಕ್ಸಿ, ಪಂಪ್ ಎಲ್ಲ ಒಟ್ಟಿಗೆ. ಹೊಸ ಹುಡುಗ ನೈಟ್ ಶಿಫ್ಟಿನಲ್ಲಿದ್ದರೆ ಹಿರಿಯ ಆಪರೇಟರ್ ಮೊದಲೇ ಹೇಳಿ ಮಲಗುತ್ತಿದ್ದರು: ಮೂರು ಗಂಟೆಗೆ ಎರಡನೇ ಸೆಟ್ (ಎಂಜಿನ್ ಮತ್ತು ಆಲ್ಟರ್ನೇಟರ್ ಜೋಡಿ) ಬಿಸಿ ಮಾಡಿಟ್ಟುಕೋ. ಅವರ ಲಾಗ್ ಬುಕ್ಕಿನಲ್ಲಿ ಗಂಟೆಗಂಟೆಯ ಲೋಡ್ ಬರೆದಿರುತ್ತದೆ. ಆ ಪುಸ್ತಕ ಹತ್ತು ಪುಟ ತಿರುವಿದರೆ ಊರಿನವರು ಯಾವಾಗ ಏಳುತ್ತಾರೆ, ಯಾವಾಗ ಮಲಗುತ್ತಾರೆ, ಯಾವ ದಿನ ಮದುವೆ ಇತ್ತು ಎಲ್ಲ ತಿಳಿಯುತ್ತದೆ.

ಎರಡನೇ ಎಂಜಿನ್ ಸೇರಿಸುವುದೂ ಸುಮ್ನೆ ಸ್ವಿಚ್ ಹಾಕಿದಂತಲ್ಲ. ಓಡುತ್ತಿರುವುದರ ವೋಲ್ಟೇಜ್, ವೇಗ, ಅಲೆಯ ತಾಳ ಮೂರೂ ಹೊಂದಬೇಕು. ಪ್ಯಾನಲಿನಲ್ಲಿ ಸಿಂಕ್ರೊಸ್ಕೋಪ್ ಎಂಬ ಮುಳ್ಳಿನ ಮೀಟರ್ ಇರುತ್ತದೆ. ಹೊಸ ಎಂಜಿನನ್ನು ಒಂದು ಕೂದಲೆಳೆ ಜೋರಾಗಿ ಓಡಿಸಿದರೆ ಮುಳ್ಳು ಗಡಿಯಾರದ ದಿಕ್ಕಿನಲ್ಲಿ ನಿಧಾನಕ್ಕೆ ತಿರುಗುತ್ತದೆ. ಹನ್ನೆರಡರ ಹತ್ತಿರ ಬರುತ್ತಿರುವಾಗ ಬ್ರೇಕರ್, ಅಂದರೆ ಎರಡನ್ನೂ ಜೋಡಿಸುವ ದೊಡ್ಡ ಸ್ವಿಚ್, ಹಾಕಬೇಕು. ತಪ್ಪಿದರೆ ಇಡೀ ಕಟ್ಟಡ ಅದುರುವಂಥ ಏಟು ಬೀಳುತ್ತದೆ, ಕಪ್ಲಿಂಗ್ ಮುರಿದದ್ದೂ ಉಂಟು. ಈಗ ಇದನ್ನೆಲ್ಲ ಕಂಟ್ರೋಲರ್ ತಾನೇ ಮಾಡುತ್ತದೆ. ಆದರೂ ಹಳೆ ಕೈಗಳು ಮುಳ್ಳನ್ನು ನೋಡುವುದು ಬಿಡುವುದಿಲ್ಲ.

ಲಕ್ಷದ್ವೀಪಕ್ಕೆ ಮೊದಲು ಕರೆಂಟ್ ಬಂದದ್ದು 1962ರಲ್ಲಿ, ಮಿನಿಕಾಯ್ ದ್ವೀಪಕ್ಕೆ. ಕೊನೆಗೆ ಬಂದದ್ದು ಪುಟ್ಟ ಬಿಟ್ರಾಕ್ಕೆ, 1982ರಲ್ಲಿ. 2011ರ ಜನಗಣತಿಯಲ್ಲಿ ಬಿಟ್ರಾದ ಜನಸಂಖ್ಯೆ 271. ಅಷ್ಟು ಜನಕ್ಕೂ ಅವರದೇ ಪವರ್‌ಹೌಸ್. ಒಂದು ದ್ವೀಪದಲ್ಲಿ ಎಂಜಿನ್ ನಿಂತರೆ ಪಕ್ಕದ ದ್ವೀಪ ಸಾಲ ಕೊಡಲು ಆಗುವುದಿಲ್ಲ. ನಡುವೆ ಇರುವುದು ಸಮುದ್ರ.

ನಮ್ಮ ಅಕ್ಕಿ ಗಿರಣಿಯಲ್ಲಿ 62.5 ಕೆವಿಎ ಜನರೇಟರ್ ಇದೆ. ಬಟನ್ ಒತ್ತಿದರೆ ಓಡುತ್ತದೆ. ದ್ವೀಪದವರು ಇದನ್ನೇ ದೊಡ್ಡದಾಗಿ ಒಂದು ಹಾಕಿಕೊಂಡರೆ ಮುಗಿಯಿತಲ್ಲ, ನಾಲ್ಕೈದು ಎಂಜಿನ್ ಯಾಕೆ? ಇನ್ನೊಂದು: ನಮ್ಮದರ ಸೈಲೆನ್ಸರ್ ಬಾಯಲ್ಲಿ ಕಪ್ಪು ಎಣ್ಣೆ ಜಿನುಗುತ್ತದೆ. ಪಿಸ್ಟನ್ ಹೋಗಿದೆಯೇ?
— ಗಿರಣಿ ಮಾಲೀಕರು, ಪುತ್ತೂರು

ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಒಂದೇ ಮಾರಾಯ್ರೆ. ಡೀಸೆಲ್ ಎಂಜಿನ್‌ಗೆ ಕೆಲಸ ಜಾಸ್ತಿಯಾದರೂ ಕಷ್ಟ, ಕಡಿಮೆಯಾದರೆ ಇನ್ನೂ ಕಷ್ಟ.

62.5 ಕೆವಿಎ ಅಂದರೆ ಸುಮಾರು 50 ಕಿಲೋವ್ಯಾಟ್ ಕೆಲಸ ಮಾಡುವ ಸೆಟ್. ನೀವು ಅದನ್ನು ಬರೀ ನಾಲ್ಕು ಟ್ಯೂಬ್‌ಲೈಟು, ಆಫೀಸಿನ ಫ್ಯಾನಿಗೆ ಗಂಟೆಗಟ್ಟಲೆ ಓಡಿಸುತ್ತಿದ್ದೀರಿ ಎಂದು ನನ್ನ ಅನುಮಾನ. ಲೋಡ್ ಇಲ್ಲದಿದ್ದರೆ ಸಿಲಿಂಡರ್ ಸರಿಯಾಗಿ ಬಿಸಿಯಾಗುವುದಿಲ್ಲ. ಎಣ್ಣೆ ಪೂರ್ತಿ ಉರಿಯುವುದಿಲ್ಲ. ಉರಿಯದೆ ಉಳಿದದ್ದು ಮಸಿಯ ಜೊತೆ ಸೇರಿ ಸೈಲೆನ್ಸರಿನಲ್ಲಿ ಜಿನುಗುತ್ತದೆ. ಇದಕ್ಕೆ ನಮ್ಮ ಕಡೆಯ ಮೆಕ್ಯಾನಿಕ್‌ಗಳು ವೆಟ್ ಸ್ಟ್ಯಾಕಿಂಗ್ ಎನ್ನುತ್ತಾರೆ. ಹಾಗೇ ಬಿಟ್ಟರೆ ಎಣ್ಣೆ ಚಿಮ್ಮಿಸುವ ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ, ಸಿಲಿಂಡರಿನ ಒಳಗೋಡೆಯಾದ ಲೈನರ್ ನುಣುಪಾಗಿ ಎಂಜಿನ್ ಆಯಿಲ್ ಕುಡಿಯಲು ಶುರುಮಾಡುತ್ತದೆ. ಗಿರಣಿಯ ಮೋಟಾರುಗಳನ್ನೇ ಹಾಕಿ ಒಂದೆರಡು ಗಂಟೆ ಮುಕ್ಕಾಲು ಲೋಡಿನಲ್ಲಿ ಓಡಿಸಿ ನೋಡಿ. ಮೊದಲು ಹೊಗೆ ಜಾಸ್ತಿ ಬರುತ್ತದೆ, ಹೆದರಬೇಡಿ. ಆಮೇಲೂ ನಿಲ್ಲದಿದ್ದರೆ ಇಂಜೆಕ್ಟರ್ ತೆಗೆಸಿ ನೋಡಿಸಿ. ಹೊಗೆ ನೀಲಿಯಾಗಿ ಬಂದರೆ ಮಾತ್ರ ಪಿಸ್ಟನ್ ರಿಂಗಿನ ಚಿಂತೆ ಮಾಡಿ, ಆಗ ಉರಿಯುತ್ತಿರುವುದು ಎಂಜಿನ್ ಆಯಿಲ್. ಕಪ್ಪು ಹೊಗೆ ಎಂದರೆ ಎಣ್ಣೆಗೆ ತಕ್ಕ ಗಾಳಿ ಸಿಗುತ್ತಿಲ್ಲ, ಏರ್ ಫಿಲ್ಟರ್ ಬಿಚ್ಚಿ ನೋಡಿ.

ಈಗ ದ್ವೀಪಕ್ಕೆ ಬನ್ನಿ. ಸಂಜೆ ಏಳಕ್ಕೆ 1000 ಕಿಲೋವ್ಯಾಟ್ ಬೇಕಾಗುವ ಊರಿಗೆ ಮಧ್ಯರಾತ್ರಿ ಕಳೆದ ಮೇಲೆ ಅದರ ಅರ್ಧವೂ ಬೇಡ. ಒಂದೇ ದೊಡ್ಡ ಎಂಜಿನ್ ಇದ್ದರೆ ಅದು ರಾತ್ರಿಯಿಡೀ ನಿಮ್ಮ ಗಿರಣಿಯ ಸೆಟ್ಟಿನಂತೆ ಜಿನುಗುತ್ತಾ ಕೂರುತ್ತದೆ. ಯೂನಿಟ್ಟಿಗೆ ಎಣ್ಣೆಯೂ ಜಾಸ್ತಿ ಹಿಡಿಯುತ್ತದೆ. ಅದಕ್ಕೇ ದೊಡ್ಡದೊಂದು, ಮಧ್ಯಮದ್ದೆರಡು, ಸಣ್ಣದೊಂದು ಹೀಗೆ ಇಟ್ಟುಕೊಳ್ಳುವುದು. ಓಡುವ ಎಂಜಿನ್ ಯಾವಾಗಲೂ ತನ್ನ ಶಕ್ತಿಯ ಮುಕ್ಕಾಲರ ಹತ್ತಿರ ಇದ್ದರೆ ಅದು ಒಳ್ಳೆ ಪವರ್‌ಹೌಸ್. ನನ್ನ ಕೇಳಿದರೆ ಎಂಜಿನ್ ಕಂಪನಿ ಯಾವುದು ಎಂಬುದಕ್ಕಿಂತ ಈ ಸೈಜುಗಳ ಜೋಡಣೆಯೇ ಮುಖ್ಯ. ಆದರೆ ಟೆಂಡರಿನಲ್ಲಿ ಯಾವಾಗಲೂ ದೊಡ್ಡದನ್ನೇ ಬರೆಯುತ್ತಾರೆ. ಮುಂದೆ ಊರು ಬೆಳೆಯುತ್ತದೆ ಎಂಬ ಕಾರಣ ಸಿದ್ಧವಾಗಿರುತ್ತದೆ. ಊರು ಬೆಳೆಯುವಷ್ಟರಲ್ಲಿ ಎಂಜಿನ್ ಮುದುಕಾಗಿರುತ್ತದೆ.

ಒಂದು ಕೆಟ್ಟು ನಿಂತಾಗ ಇನ್ನೊಂದು ಬೇಕು, ಇನ್ನೊಂದು ಪೂರ್ತಿ ಬಿಚ್ಚಿ ಸರಿಪಡಿಸುವ ಓವರ್‌ಹಾಲಿಗೆ ಹೋಗಿರುತ್ತದೆ ಎಂಬುದೂ ಇದೆ. ನಿಮ್ಮ ಸೆಟ್ ವರ್ಷಕ್ಕೆ ನೂರಿನ್ನೂರು ಗಂಟೆ ಓಡಬಹುದು. ವರ್ಷಕ್ಕೆ ಇರುವುದೇ 8760 ಗಂಟೆ. ಗಂಟೆಗೆ 50 ಕಿಲೋಮೀಟರ್ ಲೆಕ್ಕ ಹಾಕಿದರೆ, ವರ್ಷವಿಡೀ ನಿಲ್ಲದೆ ಓಡಿದ ಎಂಜಿನ್ ನಾಲ್ಕು ಲಕ್ಷ ಕಿಲೋಮೀಟರ್ ದಾಟಿದ ಲಾರಿಯಂತೆ. 250 ಗಂಟೆಗೊಮ್ಮೆ ಆಯಿಲ್ ಬದಲಿಸುವ ಎಂಜಿನ್ ಆದರೆ ಹತ್ತು ಹನ್ನೊಂದು ದಿನಕ್ಕೊಮ್ಮೆ ಆಯಿತು. ಆ ಹಳೆ ಆಯಿಲನ್ನು ದ್ವೀಪದಲ್ಲಿ ಎಲ್ಲಿ ಚೆಲ್ಲುತ್ತೀರಿ? ಅಲ್ಲಿ ಎರಡು ಮೀಟರ್ ಅಗೆದರೆ ಕುಡಿಯುವ ನೀರು. ಬ್ಯಾರಲಿಗೆ ತುಂಬಿ ಮತ್ತೆ ಹಡಗು ಹತ್ತಿಸಬೇಕು.

ಡೀಸೆಲ್ ಅಲ್ಲಿಗೆ ಹೇಗೆ ಹೋಗುತ್ತದೆ? ಮಳೆಗಾಲದಲ್ಲಿ ನಮ್ಮ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ.
— ಮೀನುಗಾರರು, ಕುಮಟಾ

ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ದ್ವೀಪದ ಕರೆಂಟ್ ಎಂದರೆ ಅರ್ಧ ಎಂಜಿನ್ ವಿದ್ಯೆ, ಅರ್ಧ ಕಡಲ ಲೆಕ್ಕ.

ಮೊದಲೆಲ್ಲ ಇನ್ನೂರು ಲೀಟರಿನ ಬ್ಯಾರಲ್ಲುಗಳಲ್ಲಿ ಹೋಗುತ್ತಿತ್ತು. ಲಕ್ಷದ್ವೀಪಕ್ಕೂ ನಮ್ಮ ಮಂಗಳೂರಿಗೂ ಹಳೆ ನಂಟು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿಟ್ರಾ ಈ ಐದು ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಇವತ್ತಿಗೂ ಹಳೆ ಬಂದರಿನಿಂದ ಮಂಜಿಗಳು, ಅಂದರೆ ಸರಕು ಹೊರುವ ಮರದ ಹಡಗುಗಳು, ಅಕ್ಕಿ, ತರಕಾರಿ, ಸಿಮೆಂಟ್, ಜಲ್ಲಿ ಹೊತ್ತು ಅಲ್ಲಿಗೆ ಹೋಗುತ್ತವೆ. ಮೇ ಮಧ್ಯಕ್ಕೆ ಮಂಜಿಗಳಿಗೆ ರಜೆ. ಮತ್ತೆ ಕಡಲಿಗಿಳಿಯುವುದು ಸೆಪ್ಟೆಂಬರ್ ಮಧ್ಯದಲ್ಲಿ. ದೊಡ್ಡ ಹಡಗು ಮಳೆಗಾಲದಲ್ಲೂ ಹೋಗುವುದುಂಟು, ಆದರೆ ಹವಳದ ದಂಡೆಯ ಒಳಗಿನ ನೀರು ಆಳವಿಲ್ಲ. ಹಡಗು ಹೊರಗೇ ನಿಂತು ಸಣ್ಣ ದೋಣಿಗೆ ಇಳಿಸಬೇಕು. ಅಲೆ ಎದ್ದಿರುವಾಗ ಅದು ಎಂಥ ಕೆಲಸ ಅಂತ ನಿಮಗೆ ನಾನು ಹೇಳುವುದೇ?

ಒಂದು ಲೆಕ್ಕ ಹಾಕೋಣ. ಒಂದು ಲೀಟರ್ ಡೀಸೆಲ್‌ಗೆ ಚೆನ್ನಾಗಿರುವ ಎಂಜಿನ್ ಮೂರೂವರೆ ಯೂನಿಟ್ ಕೊಡುತ್ತದೆ. ಸರಾಸರಿ 500 ಕಿಲೋವ್ಯಾಟ್ ಲೋಡಿನ ಊರು ಎಂದರೆ ದಿನಕ್ಕೆ 12,000 ಯೂನಿಟ್ (ಒಂದು ಕಿಲೋವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್). ಅದಕ್ಕೆ ಸುಮಾರು 3,400 ಲೀಟರ್, ಅಂದರೆ ಹದಿನೇಳು ಬ್ಯಾರಲ್. ನಾಲ್ಕು ತಿಂಗಳ ಮಳೆಗಾಲಕ್ಕೆ ಎರಡು ಸಾವಿರಕ್ಕೂ ಜಾಸ್ತಿ ಬ್ಯಾರಲ್. ಅಷ್ಟನ್ನೂ ಉರುಳಿಸಿ ತಂದು, ನೆರಳಿನಲ್ಲಿಟ್ಟು, ಸೋರದಂತೆ ಕಾಯಬೇಕು. ಉಪ್ಪು ಗಾಳಿಗೆ ಬ್ಯಾರಲ್ ತುಕ್ಕು ಹಿಡಿಯುತ್ತದೆ. ನಿಲ್ಲಿಸಿಟ್ಟರೆ ತಲೆಯ ಮೇಲೆ ಮಳೆನೀರು ನಿಂತು ಬಿರಡೆಯ ಸಂದಿಯಿಂದ ಒಳಗೆ ಇಳಿಯುತ್ತದೆ, ಅದಕ್ಕೇ ಮಲಗಿಸಿ ಇಡುವುದು. ನಾನು ಬಿಚ್ಚಿದ ಕೆಟ್ಟ ಇಂಜೆಕ್ಟರ್‌ಗಳಲ್ಲಿ ಬಹಳಷ್ಟು ಕೆಟ್ಟದ್ದು ನೀರಿನಿಂದಲೇ. ಬೆಳಗ್ಗೆ ಬಂದ ತಕ್ಷಣ ಟ್ಯಾಂಕಿನ ಅಡಿಯ ನಲ್ಲಿ ತೆರೆದು ನೀರು ಬಿಡುವ ಆಪರೇಟರ್ ಇದ್ದ ಕಡೆ ನನಗೆ ಹೆಚ್ಚು ಕೆಲಸವೇ ಇರುತ್ತಿರಲಿಲ್ಲ.

ಈಗ ಕವರತ್ತಿ ಮತ್ತು ಮಿನಿಕಾಯ್‌ನಲ್ಲಿ ಇಂಡಿಯನ್ ಆಯಿಲ್‌ನ ಡಿಪೋಗಳಿವೆ. ಬ್ಯಾರಲ್ ಉರುಳಿಸುವ ಕಷ್ಟ ಅಲ್ಲಿ ಕಡಿಮೆಯಾಗಿದೆ.

ಮಂಜಿನ ದೇಶದಲ್ಲೂ ಇದೇ ಕತೆ, ಕಾಲ ಮಾತ್ರ ತಿರುಗಾಮುರುಗಾ. ಅಲಾಸ್ಕಾದ ಎಷ್ಟೋ ಹಳ್ಳಿಗಳು ಡೀಸೆಲ್ ಪವರ್‌ಹೌಸನ್ನೇ ನಂಬಿವೆ. ಅಲ್ಲಿ ಬೇಸಿಗೆಯಲ್ಲಿ ಹಿಮ ಕರಗಿದಾಗ ಬಾರ್ಜ್ ಬಂದು ವರ್ಷಕ್ಕಾಗುವಷ್ಟು ಎಣ್ಣೆ ಇಳಿಸಿ ಹೋಗುತ್ತದೆ. 2011ರ ಕೊನೆಗೆ ನೋಮ್ ಎಂಬ ಊರಿಗೆ ಬರಬೇಕಿದ್ದ ಎಣ್ಣೆ ಬಿರುಗಾಳಿಯಿಂದ ತಪ್ಪಿಹೋಯಿತು, ಅಷ್ಟರಲ್ಲಿ ಕಡಲು ಹೆಪ್ಪುಗಟ್ಟಿತು. 2012ರ ಜನವರಿಯಲ್ಲಿ ರೆಂಡಾ ಎಂಬ ರಷ್ಯದ ಟ್ಯಾಂಕರ್ ಬಂತು. ಮುಂದೆ ಮುಂದೆ ಅಮೆರಿಕದ ಕೋಸ್ಟ್ ಗಾರ್ಡಿನ ಹೀಲಿ ಎಂಬ ಹಡಗು ಮಂಜು ಒಡೆಯುತ್ತಾ ದಾರಿ ಮಾಡಿಕೊಟ್ಟಿತು. ಸುಮಾರು 13 ಲಕ್ಷ ಗ್ಯಾಲನ್ ಎಣ್ಣೆ. ದಡದವರೆಗೆ ಬರಲಾಗದೆ ಮಂಜಿನ ಮೇಲೆ ಪೈಪ್ ಹಾಸಿ ಇಳಿಸಿದರು.

ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಸಮುದ್ರದಡಿ ಇಂಟರ್ನೆಟ್ ಕೇಬಲ್ ಹಾಕಿದರಲ್ಲ. ಅದರ ಜೊತೆಗೇ ಕರೆಂಟ್ ಕೇಬಲ್ ಎಳೆದಿದ್ದರೆ?
— ಕಾಲೇಜು ವಿದ್ಯಾರ್ಥಿ, ದಾವಣಗೆರೆ

ಆ ಕೇಬಲ್ 2024ರ ಜನವರಿಯಲ್ಲಿ ಉದ್ಘಾಟನೆ ಆಯಿತು. ಉದ್ದ 1,868 ಕಿಲೋಮೀಟರ್, ಹನ್ನೊಂದು ದ್ವೀಪಗಳಿಗೆ. ಅದರೊಳಗೆ ಹೋಗುವುದು ಬೆಳಕು, ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯಲ್ಲಿ. ಕರೆಂಟಿಗೆ ದಪ್ಪ ತಾಮ್ರವೋ ಅಲ್ಯುಮಿನಿಯಮ್ಮೋ ಬೇಕು, ಅದರ ಸುತ್ತ ಇನ್ಸುಲೇಷನ್, ಸೀಸ, ಉಕ್ಕಿನ ತಂತಿ. ಕೊಚ್ಚಿಯಿಂದ ಕವರತ್ತಿಗೆ ಸುಮಾರು 400 ಕಿಲೋಮೀಟರ್. ಅಷ್ಟು ಉದ್ದಕ್ಕೆ ಎಸಿ, ಅಂದರೆ ಮನೆಗೆ ಬರುವಂಥ ದಿಕ್ಕು ಬದಲಿಸುವ ಕರೆಂಟ್ ಕಳಿಸಿದರೆ ಕೇಬಲನ್ನು ಚಾರ್ಜ್ ಮಾಡುವುದರಲ್ಲೇ ಮುಗಿದುಹೋಗುತ್ತದೆ. ಹಾಗಾಗಿ ಒಂದೇ ದಿಕ್ಕಿಗೆ ಹರಿಯುವ ಡಿಸಿ ಬೇಕು, ಎಸಿಯನ್ನು ಡಿಸಿ, ಡಿಸಿಯನ್ನು ಎಸಿ ಮಾಡಲು ಎರಡೂ ತುದಿಯಲ್ಲಿ ಕನ್ವರ್ಟರ್ ಸ್ಟೇಷನ್ ಬೇಕು.

ಆಗದ ಕೆಲಸ ಅಂತಲ್ಲ. ನಾರ್ವೆಯಿಂದ ಇಂಗ್ಲೆಂಡಿಗೆ 720 ಕಿಲೋಮೀಟರಿನ ಇಂಥ ಕೇಬಲ್ ಇದೆ. ಆದರೆ ಅದು ಹೊರುವುದು 1,400 ಮೆಗಾವ್ಯಾಟ್ (ಒಂದು ಮೆಗಾವ್ಯಾಟ್ ಅಂದರೆ ಸಾವಿರ ಕಿಲೋವ್ಯಾಟ್). ಲಕ್ಷದ್ವೀಪದ ಎಲ್ಲ ದ್ವೀಪ ಸೇರಿಸಿದರೂ ಬೇಕಾಗುವುದು ಹತ್ತು ಹನ್ನೆರಡು ಮೆಗಾವ್ಯಾಟ್ ಆಸುಪಾಸು. ಅಷ್ಟು ಸಣ್ಣ ಬೇಡಿಕೆಗೆ ಅಷ್ಟು ಖರ್ಚು ಯಾರು ಮಾಡುತ್ತಾರೆ? ಮಾಡಿದರೂ, ಕೇಬಲ್ ಒಮ್ಮೆ ತುಂಡಾದರೆ ರಿಪೇರಿ ಹಡಗು ಬರುವವರೆಗೆ ಏನು ಮಾಡುತ್ತೀರಿ? ಮತ್ತೆ ಡೀಸೆಲ್ ಎಂಜಿನ್ ಇಟ್ಟುಕೊಂಡೇ ಇರಬೇಕು.

ನಮ್ಮೂರಿನ ಸೋಲಾರ್ ಪಾರ್ಕ್ ನೋಡಿದ ಮೇಲೂ ದ್ವೀಪದಲ್ಲಿ ಡೀಸೆಲ್ ಸುಡುತ್ತಾರೆ ಎಂದರೆ ಬೇಸರವಾಗುತ್ತದೆ. ಅಲ್ಲಿ ಬಿಸಿಲಿಗೇನು ಬರ?
— ರೈತರು, ಪಾವಗಡ

ಬಿಸಿಲಿಗೆ ಬರ ಇಲ್ಲ, ನೆಲಕ್ಕೆ ಬರ. ನಿಮ್ಮ ಪಾರ್ಕ್ 13,000 ಎಕರೆ. ಅಂದರೆ ಸುಮಾರು 53 ಚದರ ಕಿಲೋಮೀಟರ್. ಇಡೀ ಲಕ್ಷದ್ವೀಪದ ನೆಲ ಸೇರಿಸಿದರೆ 32! ಅಷ್ಟರಲ್ಲೇ 2011ರಲ್ಲಿ 64 ಸಾವಿರ ಜನ ಇದ್ದರು. ಅವರ ಮನೆ, ತೆಂಗಿನ ತೋಟ, ಮಸೀದಿ, ಶಾಲೆ ಎಲ್ಲ ಅದರಲ್ಲೇ. ಪ್ಯಾನಲ್ ಹಾಕಬೇಕಾದರೆ ತೆಂಗಿನ ಮರ ಕಡಿಯಬೇಕು, ಅದು ಅಲ್ಲಿಯವರ ಅನ್ನ.

ಆದರೂ ಹಾಕುತ್ತಿದ್ದಾರೆ, ಒಳ್ಳೆಯದೇ. ಕವರತ್ತಿಯಲ್ಲಿ 2024ರಲ್ಲಿ 1.7 ಮೆಗಾವ್ಯಾಟ್ ಸೋಲಾರ್ ಶುರುವಾಯಿತು, ಜೊತೆಗೆ 1.4 ಮೆಗಾವ್ಯಾಟ್-ಅವರ್, ಅಂದರೆ 1,400 ಯೂನಿಟ್ ಹಿಡಿಯುವ ಬ್ಯಾಟರಿ. ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕು ಯೂನಿಟ್ ಹಿಡಿದರೆ 6,800 ಯೂನಿಟ್. ಹತ್ತಿರ ಹತ್ತಿರ ಎರಡು ಸಾವಿರ ಲೀಟರ್ ಡೀಸೆಲ್ ಉಳಿಯಿತು. ಪ್ರತಿ ಲೀಟರಿಗೆ 2.7 ಕಿಲೋ ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ ದಿನಕ್ಕೆ ಐದು ಟನ್ನಿಗೂ ಮಿಗಿಲು ಹೊಗೆ ಕಡಿಮೆ. ಹತ್ತು ಬ್ಯಾರಲ್ ಎಣ್ಣೆ ಕಡಲು ದಾಟಿ ಬರುವುದು ತಪ್ಪಿತು ಎಂಬುದು ನನಗಂತೂ ಇನ್ನೂ ದೊಡ್ಡದು.

ಆದರೆ ಎಂಜಿನ್ ಕೋಣೆಯಿಂದ ನೋಡಿದರೆ ಸೋಲಾರ್ ಅಷ್ಟು ಸಾಧು ಅಲ್ಲ. ಮಧ್ಯಾಹ್ನ ಬಿಸಿಲು ಜೋರಾದರೆ ಎಂಜಿನ್ ಮೇಲಿನ ಲೋಡ್ ಕುಸಿಯುತ್ತದೆ. ಆಗ ಪುತ್ತೂರಿನವರ ಕಾಯಿಲೆ, ಜಿನುಗುವುದು. ನಿಲ್ಲಿಸಿಬಿಡೋಣ ಎಂದರೆ ಒಂದು ಮೋಡ ಅಡ್ಡ ಬರುತ್ತದೆ. ಸಣ್ಣ ದ್ವೀಪ, ಎಲ್ಲ ಪ್ಯಾನಲುಗಳೂ ಒಂದೇ ಕಡೆ. ಮೋಡ ಬಂದರೆ ಎಲ್ಲದರ ಮೇಲೂ ಒಟ್ಟಿಗೇ ಬರುತ್ತದೆ. ಅರ್ಧ ನಿಮಿಷದಲ್ಲಿ ನೂರಾರು ಕಿಲೋವ್ಯಾಟ್ ಮಾಯ. ನಿಂತ ಎಂಜಿನ್ ಅಷ್ಟರಲ್ಲಿ ಎದ್ದು ಸೇರಿಕೊಳ್ಳಲು ಆಗುವುದಿಲ್ಲ. ಬ್ಯಾಟರಿಯ ನಿಜವಾದ ಬೆಲೆ ಇರುವುದು ಇಲ್ಲೇ. ರಾತ್ರಿಯಿಡೀ ಊರು ನಡೆಸುವಷ್ಟು ಅದರಲ್ಲಿ ಇಲ್ಲ. ಆದರೆ ಮೋಡ ಬಂದ ಹೊತ್ತಿಗೆ ಎಂಜಿನ್ ಏಳುವವರೆಗೆ ಭಾರ ಹೊರುತ್ತದೆ.

ಇನ್ನು ಹತ್ತು ಹದಿನೈದು ವರ್ಷದಲ್ಲಿ ಬ್ಯಾಟರಿ ದೊಡ್ಡದಾಗಿ, ಎಂಜಿನ್ ಬರೀ ಮಳೆಗಾಲಕ್ಕೆ ಕಾಯುವ ಕೆಲಸಕ್ಕೆ ಉಳಿಯಬಹುದು. ನನಗೆ ಅದರಲ್ಲಿ ಬೇಸರವೇನಿಲ್ಲ. ಎಂಜಿನ್ ಪ್ರೀತಿಸುವವನು ಎಣ್ಣೆ ಸುಡುವುದನ್ನು ಪ್ರೀತಿಸಬೇಕು ಅಂತೇನಿಲ್ಲವಲ್ಲ.

ಡೀಸೆಲ್ ಕರೆಂಟ್ ಎಂದರೆ ಅವರ ಬಿಲ್ ಎಷ್ಟು ಬರುತ್ತದೆ? ನಮಗೆ ಈಗಿನದೇ ಜಾಸ್ತಿ ಅನಿಸುತ್ತದೆ.
— ಗೃಹಿಣಿ, ಉಡುಪಿ

ಡೀಸೆಲ್ ಲೀಟರಿಗೆ 95 ರೂಪಾಯಿ ಎಂದಿಟ್ಟುಕೊಳ್ಳಿ. ಮೂರೂವರೆಯಿಂದ ಭಾಗಿಸಿ. ಯೂನಿಟ್ಟಿಗೆ 27 ರೂಪಾಯಿ ಬರೀ ಎಣ್ಣೆಗೇ ಆಯಿತು. ಸಂಬಳ, ಬಿಡಿ ಭಾಗ, ಸಾಗಣೆ ಬೇರೆ. ಇದನ್ನು ಹಾಗೇ ಬಿಲ್ ಮಾಡಿದರೆ ಅಲ್ಲಿ ಯಾರೂ ಫ್ರಿಜ್ ಇಡುತ್ತಿರಲಿಲ್ಲ. ಮನೆಗಳಿಗೆ ಹಾಕುವ ದರ ಇದರ ಹತ್ತಿರಕ್ಕೂ ಬರುವುದಿಲ್ಲ, ವ್ಯತ್ಯಾಸವನ್ನು ಕೇಂದ್ರ ಸರ್ಕಾರ ತುಂಬುತ್ತದೆ. ಇದು ಅನ್ಯಾಯ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮಲೆನಾಡಿನ ಒಂಟಿ ಮನೆಗೆ ಹತ್ತು ಕಂಬ ಹಾಕಿ ಲೈನ್ ಎಳೆದರೂ ಯೂನಿಟ್ ದರ ಪೇಟೆಯದ್ದೇ ಅಲ್ವಾ?

ಡೀಸೆಲ್ ಎಂಜಿನ್‌ನ ಶಾಖವನ್ನು ಉಪಯೋಗಿಸಲು ಆಗುವುದಿಲ್ಲವೇ? ದ್ವೀಪದಲ್ಲಿ ಸಮುದ್ರದ ನೀರನ್ನು ಸಿಹಿನೀರು ಮಾಡುವುದಕ್ಕೆ ಬಳಸಬಹುದಲ್ಲ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಸುರತ್ಕಲ್

ಒಳ್ಳೆ ಪ್ರಶ್ನೆ ಮಗಳೇ. ಎಣ್ಣೆಯ ಶಕ್ತಿಯಲ್ಲಿ ಕರೆಂಟ್ ಆಗುವುದು ನೂರಕ್ಕೆ ಮೂವತ್ತೈದು, ಬಹಳ ಹೊಸ ಎಂಜಿನ್ ಆದರೆ ನಲವತ್ತರ ಹತ್ತಿರ. ಉಳಿದದ್ದು ಸೈಲೆನ್ಸರಿನಿಂದ, ರೇಡಿಯೇಟರಿನಿಂದ ಗಾಳಿಗೆ. ಅಲಾಸ್ಕಾದಲ್ಲಿ ಈ ಬಿಸಿನೀರನ್ನು ಪೈಪಿನಲ್ಲಿ ಶಾಲೆಗೆ ಕಳಿಸುತ್ತಾರೆ, ಊರಿನ ನೀರು ಹೆಪ್ಪುಗಟ್ಟದಂತೆ ಬೆಚ್ಚಗಿಡುತ್ತಾರೆ. ಕವರತ್ತಿಯಲ್ಲಿ ಬಿಸಿನೀರು ಯಾರಿಗೆ ಬೇಕು?

ಸಿಹಿನೀರಿಗೆ ಬಳಸಬಹುದು ಎಂಬುದು ನಿಜ. ಆದರೆ ಅಲ್ಲಿ ಹಿಡಿದಿರುವ ದಾರಿ ಬೇರೆ, ಅದೂ ಸೊಗಸಾದದ್ದು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರಿನ ಘಟಕ ಕಟ್ಟಿತು. ಮೇಲಿನ ಸಮುದ್ರ ನೀರು ಸುಮಾರು 28 ಡಿಗ್ರಿ. ಮುನ್ನೂರೈವತ್ತು ಮೀಟರ್ ಆಳದ್ದು ಅದಕ್ಕಿಂತ ಹದಿನೈದು ಡಿಗ್ರಿಯಷ್ಟು ತಣ್ಣಗೆ. ಗಾಳಿ ತೆಗೆದ ಕೋಣೆಯಲ್ಲಿ ಮೇಲಿನ ನೀರು ಆ ಶಾಖಕ್ಕೇ ಆವಿಯಾಗುತ್ತದೆ, ಆಳದ ನೀರಿನ ತಂಪಿಗೆ ಮತ್ತೆ ನೀರಾಗುತ್ತದೆ. ಕೊಡ ಹಿಡಿದು ನಿಲ್ಲುವ ಹೆಂಗಸರಿಗೆ ಅದು ದೊಡ್ಡ ಉಪಕಾರ. ಆದರೆ ಆ ಪಂಪುಗಳನ್ನೆಲ್ಲ ಓಡಿಸಬೇಕಾದದ್ದು ಯಾರು? ಡೀಸೆಲ್ ಎಂಜಿನ್ನೇ. ಎಣ್ಣೆ ಮುಗಿದರೆ ದೀಪದ ಜೊತೆ ಕುಡಿಯುವ ನೀರೂ ನಿಲ್ಲುತ್ತದೆ. ಅದಕ್ಕೇ ಅದೇ ಸಮುದ್ರದ ಶಾಖದಿಂದ ಕರೆಂಟ್ ಮಾಡುವ 65 ಕಿಲೋವ್ಯಾಟಿನ ಘಟಕ ಒಂದನ್ನು ಅಲ್ಲಿಗೆಂದೇ ಯೋಜಿಸಿದ್ದಾರೆ. ನಿಮ್ಮ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಅದನ್ನು ಓದಿ.

ಕರ್ನಾಟಕದಲ್ಲೂ ಡೀಸೆಲ್‌ನಿಂದ ಕರೆಂಟ್ ಮಾಡುತ್ತಿದ್ದರಂತೆ, ನಿಜವೇ?
— ನಿವೃತ್ತ ನೌಕರರು, ಬೆಂಗಳೂರು

ನಿಜ. 1990ರ ದಶಕದಲ್ಲಿ ಯಲಹಂಕದಲ್ಲಿ ಶುರುವಾಯಿತು. 21.32 ಮೆಗಾವ್ಯಾಟಿನ ಆರು ಎಂಜಿನ್, ಒಟ್ಟು 128ಕ್ಕೆ ಒಂದು ಚೂರು ಕಡಿಮೆ. ಅದರ ಒಂದು ಎಂಜಿನ್ ಸಾಕು, ಎಲ್ಲ ದ್ವೀಪಗಳಿಗೂ ಕೊಟ್ಟು ಇನ್ನೂ ಮಿಗುತ್ತಿತ್ತು. ಆದರೆ ಎಣ್ಣೆಯ ಬೆಲೆಯೇ ಅದನ್ನು ಕೂರಿಸಿತು. ಈಗ ಅಲ್ಲಿ 370 ಮೆಗಾವ್ಯಾಟಿನ ಗ್ಯಾಸ್ ಸ್ಥಾವರ ಇದೆ. ನಮಗೆ ಬೇರೆ ದಾರಿ ಇತ್ತು, ಬದಲಿಸಿದೆವು.

ನಾನು ಐಟಿಐ ಡೀಸೆಲ್ ಮೆಕ್ಯಾನಿಕ್ ಮುಗಿಸಿದ್ದೇನೆ. ಪವರ್‌ಹೌಸ್ ಕೆಲಸಕ್ಕೆ ಇನ್ನೇನು ಕಲಿಯಬೇಕು?
— ಭಟ್ಕಳ

ಎಲೆಕ್ಟ್ರಿಕಲ್ ಕಲಿ ತಮ್ಮಾ. ಎಂಜಿನ್ ಬಲ್ಲವರು ಬೇಕಾದಷ್ಟು ಜನ ಸಿಗುತ್ತಾರೆ, ಎಂಜಿನ್ ಮತ್ತು ಪ್ಯಾನಲ್ ಎರಡೂ ಗೊತ್ತಿರುವವರು ಕಡಿಮೆ. ಸಿಂಕ್ರೊನೈಸ್ ಮಾಡುವುದು (ಎಂಜಿನ್‌ಗಳ ತಾಳ ಹೊಂದಿಸುವುದು), ತಪ್ಪು ಕಂಡರೆ ಬ್ರೇಕರ್ ಬೀಳಿಸುವ ರಿಲೇ ನೋಡುವುದು, ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಿಡಿಯುವುದು ಇಷ್ಟು ಮೊದಲು ಬರಲಿ.

ಇನ್ನೊಂದು, ಪುಸ್ತಕದಲ್ಲಿ ಸಿಗುವುದು ಕಷ್ಟ. ಇಡೀ ಊರು ಕತ್ತಲಾದಾಗ ಗಡಿಬಿಡಿಯಲ್ಲಿ ಎಲ್ಲ ಫೀಡರ್ (ಊರಿನ ಒಂದೊಂದು ಭಾಗಕ್ಕೆ ಹೋಗುವ ಲೈನ್) ಒಟ್ಟಿಗೆ ಹಾಕಬಾರದು. ಅರ್ಧ ಗಂಟೆ ಕರೆಂಟ್ ಇಲ್ಲದ ಊರಿನಲ್ಲಿ ಎಲ್ಲರ ಫ್ರಿಜ್, ಎಸಿ, ಪಂಪ್ ಹಸಿದು ಕೂತಿರುತ್ತವೆ. ಒಮ್ಮೆಲೇ ಹಾಕಿದರೆ ಎಂಜಿನ್ ಮತ್ತೆ ಟ್ರಿಪ್ ಆಗುತ್ತದೆ. ಮೊದಲು ಆಸ್ಪತ್ರೆಯ ಫೀಡರ್. ಎಂಜಿನ್ ಸಮಾಧಾನ ಆದ ಮೇಲೆ ಮುಂದಿನದು. ಹೊರಗೆ ಜನ ಫೋನ್ ಮಾಡಿ ಬೈಯುತ್ತಿರುತ್ತಾರೆ, ಫೋನ್ ಎತ್ತಲು ಬೇರೆಯವರನ್ನು ಕೂರಿಸು.

ಮುಂದಿನ ಸಂಚಿಕೆಗೆ ಬೋರ್‌ವೆಲ್ ಮೋಟಾರ್ ಪದೇಪದೇ ಸುಡುವ ಬಗ್ಗೆ ಬಂದ ಪತ್ರಗಳನ್ನು ಎತ್ತಿಕೊಳ್ಳುತ್ತೇನೆ. ಬರೆಯುವಾಗ ಮೋಟಾರಿನ ಎಚ್‌ಪಿ, ಬಾವಿಯ ಆಳ, ಸಂಜೆಯ ವೋಲ್ಟೇಜ್ ಮೂರನ್ನೂ ಬರೆಯಿರಿ. ಬರೀ "ಮೋಟಾರ್ ಹೋಯಿತು" ಎಂದರೆ ನಾನೇನು ಹೇಳಲಿ?